ರಸೀದಿ ಪುಸ್ತಕ ಬಿಟ್ಟು ಹೋದ ಮಂಗಳವಾರಗಳು

2022ರ ಸುಗ್ಗಿ ಹಬ್ಬದ ಊಟಕ್ಕೆ ಒಡೆದು ಹೋಗಿದ್ದ ನಮ್ಮ ಚರ್ಚ್ ಸಭೆಯ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕುಳಿತರು. ಐದು ವರ್ಷ ಆಗಿತ್ತು ಹಾಗೆ ಕುಳಿತು. ಅವತ್ತಿನಿಂದ ನನ್ನ ಹಾಗೇ ಚರ್ಚು ನೋಡಿಕೊಳ್ಳುವ ಸಭಾಪಾಲಕ ಮಿತ್ರರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಇದು ಆಗುವ ಕೆಲಸ ಅಲ್ಲ ಅಂದವರೇ ಅದರಲ್ಲಿ ಜಾಸ್ತಿ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದು ಸಲ ಬರೆದುಬಿಡುತ್ತೇನೆ.

ನಮ್ಮದು ಮೈಸೂರು ಸೀಮೆಯ ಒಂದು ತಾಲ್ಲೂಕು ಊರು. ಹಳೇ ವೆಸ್ಲಿಯನ್ ಮಿಷನ್ (ಇಂಗ್ಲೆಂಡಿನ ಮೆಥಡಿಸ್ಟ್ ಮಿಷನರಿಗಳು) ಕಾಲದ ಚರ್ಚು, ಮಂಗಳೂರು ಹೆಂಚಿನ ಮಾಡು. 2016ರಲ್ಲಿ ನಾನು ಬಂದಾಗ ಸುಮಾರು 110 ಕುಟುಂಬ. ಲೆಕ್ಕಪತ್ರ ಅಸ್ತವ್ಯಸ್ತ, ಕಮಿಟಿಯಲ್ಲಿ ಕೂಗಾಟ. ಮೊದಲು ಬಿಗಿ ಮಾಡಬೇಕು ಅನ್ನಿಸಿತು. ಮಾಡಿದೆ. ಕಮಿಟಿಗೆ ತಡವಾಗಿ ಬಂದವರು ಮಾತಾಡುವಂತಿಲ್ಲ. ಚಂದಾ ಬಾಕಿ ಇದ್ದವರ ಪಟ್ಟಿ ನೋಟಿಸ್ ಬೋರ್ಡಿಗೆ. ಬಾಕಿ ಕಟ್ಟದೆ ದೀಕ್ಷಾಸ್ನಾನ ಇಲ್ಲ, ಮದುವೆ ಪ್ರಕಟಣೆ ಓದುವುದಿಲ್ಲ. ಮೊದಲ ಆರು ತಿಂಗಳು ದುಡ್ಡು ಚೆನ್ನಾಗಿಯೇ ಬಂತು. ಪರವಾಗಿಲ್ಲ, ಹಿಡಿತ ಸಿಕ್ಕಿತು ಅಂದುಕೊಂಡೆ.

2017ರಲ್ಲಿ ಒಬ್ಬ ಕಮಿಟಿ ಸದಸ್ಯರನ್ನು ನಿಯಮದ ಪ್ರಕಾರ ತೆಗೆದೆ. ನಿಯಮ ನನ್ನ ಕಡೆ ಇತ್ತು, ಅದರಲ್ಲಿ ಅನುಮಾನ ಇಲ್ಲ. ಅವರ ಹಿಂದೆ 38 ಕುಟುಂಬ ಎದ್ದು ಹೋದವು. ಒಬ್ಬರ ಮನೆಯ ಮಹಡಿಯಲ್ಲಿ ಭಾನುವಾರ ಆರಾಧನೆ ಶುರು ಮಾಡಿದರು. ತಿಂಗಳಿಗೆ 40 ಸಾವಿರದ ಹತ್ತಿರ ಬರುತ್ತಿದ್ದ ಕಾಣಿಕೆ, ಚಂದಾ ಎಲ್ಲ ಸೇರಿ 22 ಸಾವಿರಕ್ಕೆ ಇಳಿಯಿತು. ಮಾಡು ಸೋರುತ್ತಿತ್ತು. ರಿಪೇರಿಗೆ ಮೂರೂವರೆ ಲಕ್ಷ ಅಂದಿದ್ದರು. ಖಜಾಂಚಿ ಹತ್ತಿರ 60 ಸಾವಿರವೂ ಇರಲಿಲ್ಲ.

ನನ್ನನ್ನು ಬದಲಾಯಿಸಿದ್ದು ದುಡ್ಡಲ್ಲ. 2018ರ ಫೆಬ್ರವರಿಯಲ್ಲಿ ಮಹಡಿಗೆ ಹೋಗುತ್ತಿದ್ದವರಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ನಾಲ್ಕು ವರ್ಷದ ಚಂದಾ ಬಾಕಿ, 2,400 ರೂಪಾಯಿ. ಬೆಳಗ್ಗೆ ಮಗ ವೆಸ್ಟ್ರಿಯ, ಅಂದರೆ ಚರ್ಚಿನ ಕಚೇರಿ ಕೋಣೆಯ, ಬಾಗಿಲಿಗೆ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಶರಟಿನ ಜೇಬಿನಿಂದ ನೂರರ ನೋಟು ತೆಗೆದು ಮೇಜಿನ ಮೇಲಿಟ್ಟ. ನಾನು ಎಣಿಸಿದೆ. ರಸೀದಿ ಬರೆದೆ. ಕಾರ್ಬನ್ ಹಾಳೆ ಸರಿಯಾಗಿ ಕೂತಿದೆಯಾ ಅಂತ ಎತ್ತಿ ನೋಡಿ, ಹರಿದು ಕೊಟ್ಟೆ. ಆಮೇಲೆ ಗುಂಡಿ ತೋಡಲು ಅಪ್ಪಣೆ ಕೊಟ್ಟೆ. ಅವನು ರಸೀದಿಯನ್ನು ನಾಲ್ಕಾಗಿ ಮಡಿಸಿ ಅದೇ ಜೇಬಿಗೆ ಹಾಕಿಕೊಂಡ. ಒಂದು ಮಾತೂ ಆಡಲಿಲ್ಲ. ಅವನ ತಂದೆ ಮನೆಯಲ್ಲಿ ಬೆಂಚಿನ ಮೇಲೆ ಮಲಗಿದ್ದಾರೆ, ನಾನಿಲ್ಲಿ ಕಾರ್ಬನ್ ಹಾಳೆ ನೋಡುತ್ತಿದ್ದೇನೆ. ಆ ರಾತ್ರಿ ಬೈಬಲಿನಲ್ಲಿ ಪೇತ್ರನ ಮೊದಲ ಪತ್ರಿಕೆಯ 5ನೇ ಅಧ್ಯಾಯ ತೆರೆದೆ. ಮಂದೆಯ ಮೇಲೆ ದೊರೆತನ ಮಾಡಬೇಡಿ ಅನ್ನುವ ಮಾತಿಗಿಂತ ಮುಂದೆ ಓದಲು ಆಗಲಿಲ್ಲ.

ಜೂನ್‌ನಿಂದ ಮಂಗಳವಾರಗಳನ್ನು ಶುರು ಮಾಡಿದೆ. ಸಂಜೆ ಆರರಿಂದ ಒಂಬತ್ತು, ಎರಡು ಮನೆ, ಅದಕ್ಕಿಂತ ಜಾಸ್ತಿ ಇಲ್ಲ. ಈ ಕಡೆ ಒಂದು ಮನೆ, ಆ ಕಡೆ ಒಂದು ಮನೆ. ಕೈಯಲ್ಲಿ ಬ್ಯಾಗ್ ಇಲ್ಲ, ರಸೀದಿ ಪುಸ್ತಕವಂತೂ ಇಲ್ಲವೇ ಇಲ್ಲ. ಕೇಳಿದರೆ ಮಾತ್ರ ಪ್ರಾರ್ಥನೆ. ಕಮಿಟಿ ವಿಷಯ ನಾನು ಎತ್ತುವುದಿಲ್ಲ, ಅವರು ಎತ್ತಿದರೂ ಮುಂದುವರಿಸುವುದಿಲ್ಲ. ಆ ಕಡೆಯವರ ಬಗ್ಗೆ ಈ ಕಡೆ ಒಂದು ಅಕ್ಷರ ಆಡುವುದಿಲ್ಲ, ಒಳ್ಳೆಯ ಮಾತನ್ನೂ ಆಡುವುದಿಲ್ಲ. ಇದು ಮುಖ್ಯ. ಒಳ್ಳೆಯ ಮಾತು ಸಾಗಿಸಿದರೂ ಜನ ಅದರ ಹಿಂದೆ ಏನಿದೆ ಅಂತ ಹುಡುಕುತ್ತಾರೆ. ಕೊಟ್ಟದ್ದನ್ನು ತಿನ್ನಬೇಕು. ಮುದ್ದೆ, ಹುರುಳಿ ಸಾರು ಇಟ್ಟರೆ ಅದನ್ನೇ. ಬೇಡ ಅಂದ ಮನೆಗೆ ಇನ್ನೊಂದು ಸಲ ಹೋಗುವುದು ಕಷ್ಟ. ಮೊದಲ ಸುತ್ತು ಮುಗಿಯಲು ವರ್ಷದ ಮೇಲಾಯಿತು. ಮೊದಲು ಹೋಗುವ ಮನೆಯನ್ನು ಹೇಗೆ ಆರಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ತಪ್ಪಿದರೆ ಎಲ್ಲ ತಪ್ಪುತ್ತದೆ. ನಿಮ್ಮ ಸಭೆಯ ವಿಷಯ ಪೂರ್ತಿ ಹೇಳಿ, ಎದುರು ಕೂತು ಮಾತಾಡೋಣ.

ಹಿರಿಯ ಸಭಾಪಾಲಕರೊಬ್ಬರು, "ಅಯ್ಯನವರೇ, ಹೀಗೆ ಸಡಿಲ ಬಿಟ್ಟರೆ ತಲೆ ಮೇಲೆ ಹತ್ತಿ ಕೂರ್ತಾರೆ" ಅಂದರು. ನಮ್ಮ ಕಾರ್ಯದರ್ಶಿಯೂ ಅದನ್ನೇ ಹೇಳಿದರು. ನನಗೆ ಧೈರ್ಯ ಬಂದದ್ದು ನಮ್ಮ ಸಭೆಯ ಚರಿತ್ರೆಯಿಂದಲೇ. 1910ರಲ್ಲಿ ಎಡಿನ್‌ಬರೋದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ, ಮುಂದೆ ಬಿಷಪ್ ಆದ ನಮ್ಮ ದೇಶದ ವಿ.ಎಸ್. ಅಜರಯ್ಯನವರು ಮಿಷನರಿಗಳ ಎದುರೇ ನಿಂತು, ನಿಮ್ಮ ತ್ಯಾಗ ಸರಿ, ನಮಗೆ ಸ್ನೇಹಿತರನ್ನು ಕೊಡಿ ಅಂತ ಕೇಳಿದ್ದನ್ನು ನಾವೆಲ್ಲ ಕಾಲೇಜಿನಲ್ಲಿ ಓದಿದ್ದೇವೆ ಅಲ್ವಾ? ಪರೀಕ್ಷೆಗೆ ಬರೆದು ಮರೆತಿದ್ದೆ. ಈಗ ನೋಡಿದರೆ ಆ ಮಿಷನರಿಯ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಐಕ್ಯದ ಮಾತು ಶುರುವಾಯಿತು, ಅವು ಸೇರಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದದ್ದು 1947ರ ಸೆಪ್ಟೆಂಬರ್‌ನಲ್ಲಿ. 28 ವರ್ಷ. ಅಜರಯ್ಯನವರು 1945ರಲ್ಲೇ ತೀರಿಹೋಗಿದ್ದರು. ಅದರ ಮುಂದೆ ನನ್ನ ಮಂಗಳವಾರಗಳು ಯಾವ ಲೆಕ್ಕ?

ತಪ್ಪು ಹೆಜ್ಜೆಗಳನ್ನೂ ಹೇಳಬೇಕು. ಐದಾರು ತಿಂಗಳಾದ ಕೂಡಲೇ ಅವಸರಪಟ್ಟೆ. ಕ್ರಿಸ್ಮಸ್‌ಗೆ ಪ್ರೀತಿ ಭೋಜನ ಇಟ್ಟೆ, 300 ಜನಕ್ಕೆ ಅಡುಗೆ. ಬಂದವರು 90. ಮಹಡಿಯವರು ಒಬ್ಬರೂ ಬರಲಿಲ್ಲ. ಸುಮಾರು 28 ಸಾವಿರ ಹೋಯಿತು, ಅದರಲ್ಲಿ 10 ಸಾವಿರ ನನ್ನ ಸಂಬಳದ್ದು. ಅನ್ನವನ್ನು ರಾತ್ರಿಯೇ ಹಾಸ್ಟೆಲ್ ಮಕ್ಕಳಿಗೆ ಸಾಗಿಸಿದೆವು. ಆಮೇಲೆ ಎಲ್ಲರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಹತ್ತೇ ದಿನಕ್ಕೆ ಮುಚ್ಚಿದೆ. ಎದುರಿಗೆ ಆಡಲಾಗದ ಮಾತನ್ನು ರಾತ್ರಿ ಹನ್ನೊಂದಕ್ಕೆ ಬರೆಯುತ್ತಿದ್ದರು.

ಭೋಜನ ಕೆಟ್ಟದ್ದು ಯಾಕೆ ಅಂತ ಒಂದು ಮಂಗಳವಾರ ಒಬ್ಬ ಅಜ್ಜಿಯೇ ಹೇಳಿದರು. "ನೀವು ಕರೆದಿರಿ ಅಯ್ಯಾ, ಆದರೆ ತಪ್ಪಾಯ್ತು ಅನ್ನಲಿಲ್ಲ." ಮುಂದಿನ ಭಾನುವಾರ ಆಶೀರ್ವಾದಕ್ಕೆ ಮುಂಚೆ ಪೀಠದಿಂದ ಕೆಳಗಿಳಿದು ನಿಂತು, ಆ ಸಮಾಧಿಯ ವಿಷಯ ಪೂರ್ತಿ ಹೇಳಿದೆ. ಚಂದಾ ಪಟ್ಟಿಯನ್ನು ಅಲ್ಲೇ ಬೋರ್ಡಿನಿಂದ ತೆಗೆಸಿದೆ. ಮಧ್ಯಾಹ್ನ ಮಹಡಿಯ ಆರಾಧನೆ ಮುಗಿಯುವ ಹೊತ್ತಿಗೆ ಅಲ್ಲಿಗೂ ಹೋಗಿ, ಬಾಗಿಲಲ್ಲೇ ನಿಂತು ಅದನ್ನೇ ಹೇಳಿ ಬಂದೆ. ಒಳಗೆ ಬನ್ನಿ ಅಂತ ಯಾರೂ ಅನ್ನಲಿಲ್ಲ. ಆದರೆ ಆ ವಾರದಿಂದ ಮನೆಗಳಲ್ಲಿ ಕುರ್ಚಿ ತಾನಾಗಿ ಹೊರಬರತೊಡಗಿತು.

ಶಿಸ್ತು ಬಿಟ್ಟೆ ಅಂದುಕೊಳ್ಳಬೇಡಿ. ಜನರ ಮೇಲಿದ್ದ ಬಿಗಿಯನ್ನು ನನ್ನ ಮೇಲೆ ತಂದುಕೊಂಡೆ. ತಿಂಗಳ ಮೊದಲ ಭಾನುವಾರ ಜಮಾ ಖರ್ಚು ಗಟ್ಟಿಯಾಗಿ ಓದುವುದು, ನನ್ನ ಪೆಟ್ರೋಲ್ ದುಡ್ಡೂ ಸೇರಿ. ಕಾಣಿಕೆ ಪೆಟ್ಟಿಗೆಗೆ ಎರಡು ಬೀಗ, ಒಂದು ಕೀಲಿ ಮಹಡಿಯ ಕಡೆಯವರ ಕೈಗೆ. ಅವರಿನ್ನೂ ಚರ್ಚಿಗೆ ಬರುತ್ತಿರಲಿಲ್ಲ, ಕೀಲಿಗೋಸ್ಕರ ಭಾನುವಾರ ಹನ್ನೊಂದಕ್ಕೆ ಬರುತ್ತಿದ್ದರು. ಎಣಿಸಿ ಹೋಗುತ್ತಿದ್ದರು. ನಾಲ್ಕನೇ ತಿಂಗಳು ಹತ್ತೂವರೆಗೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು.

ಹರಾಜಿನ ಪ್ರಯೋಗದ ಬಗ್ಗೆ ನನಗೆ ಹೆಮ್ಮೆ ಇದೆ. ಜನ ಕಾಣಿಕೆಯಾಗಿ ತಂದ ವಸ್ತುಗಳನ್ನು ಕೂಗುವ ಸುಗ್ಗಿ ಹಬ್ಬದ ಹರಾಜು ನಮ್ಮಲ್ಲಿ ಜಿದ್ದಿನ ಜಾಗ ಆಗಿಹೋಗಿತ್ತು. ಒಂದು ಕೋಳಿ 7 ಸಾವಿರಕ್ಕೆ ಹೋಗುತ್ತಿತ್ತು, ಅದರ ಜೊತೆ ಮನಸ್ತಾಪವೂ ಹೋಗುತ್ತಿತ್ತು. 2019ರಲ್ಲಿ ಒಂದೇ ನಿಯಮ ಮಾಡಿದೆ: ಯಾವ ವಸ್ತುವಾದರೂ ಎರಡು ಮನೆಯವರು ಸೇರಿ ಕೂಗಬೇಕು, ಒಬ್ಬರೇ ಕೂಗುವ ಹಾಗಿಲ್ಲ. ಅಣ್ಣತಮ್ಮಂದಿರ ಜೋಡಿ ನಡೆಯುವುದಿಲ್ಲ. ಆ ವರ್ಷ 65 ಸಾವಿರದಿಂದ 48ಕ್ಕೆ ಬಿತ್ತು, ಖಜಾಂಚಿ ವಾರವಿಡೀ ಮಾತಾಡಲಿಲ್ಲ. 2022ರಲ್ಲಿ ಒಂದು ಲಕ್ಷ ಹತ್ತು ಸಾವಿರದ ಹತ್ತಿರ ಬಂತು. ಕುಂಬಳಕಾಯಿ ಕೂಗಿದ ಇಬ್ಬರು ಅದನ್ನು ಅಲ್ಲೇ ಮೆಟ್ಟಿಲ ಮೇಲೆ ಕೊಯ್ದು ಹಂಚಿಕೊಂಡರು. ಜೋಡಿಗಳನ್ನು ಮೊದಲೇ ಹೇಗೆ ಕೂಡಿಸಿದೆ ಅನ್ನುವುದು ನನ್ನಲ್ಲೇ ಇರಲಿ.

2020ರ ಲಾಕ್‌ಡೌನ್ ಕೂಡ ಸಹಾಯಕ್ಕೆ ಬಂತು ಅಂತ ಹೇಳಲೇಬೇಕು. ಚರ್ಚೂ ಮುಚ್ಚಿತ್ತು, ಮಹಡಿಯೂ ಮುಚ್ಚಿತ್ತು. ಸುಮಾರು 140 ರೇಷನ್ ಕಿಟ್, ಒಂದೊಂದಕ್ಕೆ 600 ರೂಪಾಯಿ. ಎರಡೂ ಕಡೆಯ ಹುಡುಗರು ಒಂದೇ ಗಾಡಿಯಲ್ಲಿ ಹಂಚಿದರು. ಪಟ್ಟಿ ಮಾಡುವಾಗ ಯಾರು ಯಾವ ಕಡೆ ಅಂತ ಬರೆಯಬಾರದು ಅಂದಿದ್ದೆ, ಅಷ್ಟೇ ನನ್ನ ಪಾಲು. ಇನ್ನೊಂದು: ನನ್ನ ವರ್ಗಾವಣೆ ಒಂದು ಸಲ ಮುಂದಕ್ಕೆ ಹೋಯಿತು. ಮೂರು ವರ್ಷಕ್ಕೆ ಎತ್ತಿದ್ದರೆ ಇದು ಅರ್ಧಕ್ಕೆ ನಿಲ್ಲುತ್ತಿತ್ತು. ಶುರು ಮಾಡುವವರು ಆ ಲೆಕ್ಕ ಹಾಕಿಕೊಳ್ಳಿ.

38ರಲ್ಲಿ 33 ಕುಟುಂಬ ವಾಪಸ್ ಬಂದಿವೆ. ಚಂದಾಕ್ಕೆ ಒತ್ತಾಯ ಇಲ್ಲ, ಆದರೂ ತಿಂಗಳಿಗೆ 50 ಸಾವಿರ ದಾಟುತ್ತದೆ. ಮಾಡಿನ ಕೆಲಸ ನಾಲ್ಕು ಲಕ್ಷಕ್ಕೆ ಮುಗಿಯಿತು, ಸಾಲ ಇಲ್ಲದೆ. ತೆಗೆದುಹಾಕಿದ ಆ ಕಮಿಟಿ ಸದಸ್ಯರು ಹೆಂಚು ಇಳಿಸುವಾಗ ಮೂರು ದಿನ ಬಿಸಿಲಲ್ಲಿ ನಿಂತಿದ್ದರು.

ಆ ಮಗನ ಮನೆಗೆ ಹದಿನಾಲ್ಕು ಸಲ ಹೋಗಿದ್ದೇನೆ. ಒಂಬತ್ತನೇ ಸಲ ಒಳಗೆ ಕರೆದ. ಈಗ ಚರ್ಚಿಗೆ ಬರುತ್ತಾನೆ, ಅವನ ಮಗಳು ಭಾನುವಾರದ ಶಾಲೆಯಲ್ಲಿ ಹಾಡುತ್ತಾಳೆ. ಆದರೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಬೇರೆ ಅಯ್ಯನವರು ಬಂದ ದಿನ ಮುಂದೆ ಬಂದು ಮೊಣಕಾಲೂರುತ್ತಾನೆ. ಹಾಗಾಗಿ ಎರಡು ತಿಂಗಳಿಗೊಮ್ಮೆ ಪಕ್ಕದ ಊರಿನ ಅಯ್ಯನವರನ್ನು ಕರೆಸುತ್ತೇನೆ, ಬಸ್ ಚಾರ್ಜು ನನ್ನದು. ಯಾಕೆ ಕರೆಸುತ್ತೇನೆ ಅಂತ ಅವನಿಗೆ ನಾನು ಹೇಳಿಲ್ಲ.