‘ಕಾರ್ಡ್ ಒಣಗಿರಲಿ’ ಅಂತ ಬರೆದಿದ್ದೆ

ಆಶಾ ಕಾರ್ಯಕರ್ತೆಯರ ತರಬೇತಿಗೆ ಬೇಕಾದ ಹಾಳೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ಕೊಪ್ಪಳದ ಮನೆಯಲ್ಲೇ ಕೂತು ಮಾಡುತ್ತೇನೆ. ಒಮ್ಮೆ ಹಸುಗೂಸಿನ ಆರೈಕೆಯ ಬಗ್ಗೆ ಒಂದು ಹಾಳೆ ಬಂತು. ಅವಸರವಿತ್ತು. ‘ಕಾರ್ಡ್ ಅನ್ನು ಸ್ವಚ್ಛವಾಗಿ, ಒಣಗಿದಂತೆ ಇಡಿ’ ಅಂತ ಬರೆದು ಕಳಿಸಿಬಿಟ್ಟೆ. ಹೆರಿಗೆ ವಾರ್ಡಿನಲ್ಲಿ ಎಲ್ಲರೂ ಕಾರ್ಡ್ ಅಂತಲೇ ಅನ್ನುತ್ತಾರೆ, ತಿಳಿಯುತ್ತದೆ ಅಂದುಕೊಂಡೆ.

ಕುಷ್ಟಗಿ ಕಡೆಯ ತರಬೇತಿಗೆ ನಾನೂ ಹೋಗಿದ್ದೆ. ಹೊಸದಾಗಿ ಸೇರಿದ್ದ ಒಬ್ಬರು ಆ ಸಾಲು ಓದಿ, “ಇದನ್ನ ನಾ ಎಲ್ಲಾರಿಗೂ ಹೇಳೀನ್ರಿ ಮೇಡಂ. ತಾಯಿ ಕಾರ್ಡ್ ತೊಯ್ಸಬ್ಯಾಡ್ರಿ, ಪ್ಲಾಸ್ಟಿಕ್ ಚೀಲದಾಗ ಇಡ್ರಿ ಅಂತ” ಅಂದರು.

ಎದೆ ಝಲ್ ಅಂತು. ಅವರು ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇಂಗ್ಲಿಷಿನಲ್ಲಿ ಹಗ್ಗದ ಕಾರ್ಡ್ (cord) ಬೇರೆ, ಕಾಗದದ ಕಾರ್ಡ್ (card) ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನಾನು ಬರೆದದ್ದು ಕೂಸಿನ ಹೊಕ್ಕುಳಬಳ್ಳಿಯ ಬಗ್ಗೆ. ಅದಕ್ಕೆ ಬೂದಿ, ಅರಿಶಿನ, ಎಣ್ಣೆ ಹಚ್ಚಿದರೆ ನಂಜಾಗಬಹುದು. ಅಂಥ ಜಾಗದಲ್ಲಿ ನನ್ನ ಮಾತು ತಾಯಿ ಕಾರ್ಡಿಗೆ ಹೋಗಿ ಕೂತಿತ್ತು.

ಅವತ್ತಿನಿಂದ ಈ ಹಗ್ಗದ ಕಾರ್ಡ್ ಬಂದಾಗೆಲ್ಲ ನಿಂತು ಯೋಚಿಸುತ್ತೇನೆ. ಎಷ್ಟೊಂದು ಕಡೆ ಬರುತ್ತದೆ! ಹೊಕ್ಕುಳಲ್ಲಿ, ಬೆನ್ನಿನಲ್ಲಿ, ಗಂಟಲಲ್ಲಿ, ಕರೆಂಟಿನ ವಯರಿನಲ್ಲಿ, ಪೈಜಾಮದ ಲಾಡಿಯಲ್ಲಿ. ಅಮೆರಿಕದಲ್ಲಿ ಕಟ್ಟಿಗೆಯ ರಾಶಿಯನ್ನೂ ಕಾರ್ಡಿನ ಲೆಕ್ಕದಲ್ಲೇ ಮಾರುತ್ತಾರೆ. 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದ ಒಟ್ಟಿದರೆ ಒಂದು ಕಾರ್ಡ್, ಅಂದರೆ 128 ಘನ ಅಡಿ. ಇಷ್ಟಕ್ಕೂ ಒಂದೇ ಕನ್ನಡ ಪದ ಸಿಗುತ್ತದಾ ಅಂತ ನಿಘಂಟು ಹುಡುಕಿದೆ. ದಾರ, ಹುರಿ, ಹಗ್ಗ ಅಂತ ಇತ್ತು. ಯಾವುದನ್ನು ಎಲ್ಲಿ ಹಾಕಬೇಕು ಅಂತ ಅದು ಹೇಳಲಿಲ್ಲ.

ಹೇಳಿದವರು ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪ. ಕಾರಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಬಟ್ಟೆ ಒಣಹಾಕಲು, “ದೊಡ್ಡಪ್ಪಾ, ಒಂದ್ ಹಗ್ಗ ಕೊಡು” ಅಂದೆ. ಅವರು ತಲೆ ಎತ್ತಿ, “ಏನ್ ಕಟ್ಟಾಕ ಬೇಕವ್ವಾ?” ಅಂದರು.

ನನಗೆ ಬೇಕಾಗಿದ್ದ ಪ್ರಶ್ನೆ ಅದೇ.

ಆ ಮಧ್ಯಾಹ್ನ ಪೂರ್ತಿ ಕೊಟ್ಟಿಗೆಯಲ್ಲಿ ಕೂತು ಬರೆದುಕೊಂಡೆ. ಎತ್ತಿನ ಮೂಗಿಗೆ ಹಾಕುವುದು ಮೂಗುದಾಣ. ಕರುವಿನ ಕೊರಳಿಗೆ ಕಣ್ಣಿ. ನೊಗಕ್ಕೆ ಎತ್ತಿನ ಕೊರಳು ಸೇರಿಸುವುದು ಜತ್ತಿಗೆ. ತೊಗಲಿನದಾದರೆ ಮಿಣಿ. ಹಬ್ಬಕ್ಕೆ ಎತ್ತಿನ ಹಣೆಗೆ ಕಟ್ಟುವುದು ಮಗಡ. ಹಾಲು ಮೊಸರಿನ ಗಡಿಗೆಯನ್ನು ಬೆಕ್ಕಿಗೆ ಸಿಗದ ಹಾಗೆ ತೂಗುಹಾಕುವುದು ನೆಲುವು. ಮನುಷ್ಯರದ್ದೂ ಹಾಗೇ. ಸೊಂಟಕ್ಕೆ ಉಡಿದಾರ, ಲಿಂಗ ಕಟ್ಟುವುದಕ್ಕೆ ಶಿವದಾರ, ಮದುವೆಯಲ್ಲಿ ಮುಂಗೈಗೆ ಕಂಕಣ. ನಮ್ಮಲ್ಲಿ ಹಗ್ಗಕ್ಕೆ ಹೆಸರು ಬರುವುದು ಹೆಚ್ಚಾಗಿ ಅದು ಮಾಡುವ ಕೆಲಸದಿಂದ. ಏನನ್ನು ಕಟ್ಟುತ್ತದೆ ಅಂತ ಗೊತ್ತಾಗದೆ ಹೆಸರು ಹೇಳುವ ಹಾಗಿಲ್ಲ.

ದೊಡ್ಡಪ್ಪ ಹೊಸೆಯುವುದನ್ನೂ ಕಲಿಸಿದರು. ಪುಂಡಿ ನಾರು. ಹೌದು, ರೊಟ್ಟಿ ಜೊತೆ ಪಲ್ಯ ಮಾಡಿ ತಿನ್ನುವ ಅದೇ ಪುಂಡಿ. ಬಲಿತ ಕಡ್ಡಿಗಳನ್ನು ನೀರಲ್ಲಿ ಕೊಳೆಹಾಕಿ, ತೊಗಟೆ ಸುಲಿದು, ತೊಳೆದು ಒಣಗಿಸಿದರೆ ನಾರು ಸಿಗುತ್ತದೆ. ನಾನು ಹೊಸೆದ ಮೊದಲ ತುಂಡು ಕೈಬಿಟ್ಟ ಕೂಡಲೇ ಬಿಚ್ಚಿಕೊಂಡಿತು. ಎಳೆಯನ್ನೂ ಬಲಕ್ಕೆ ತಿರುವಿದ್ದೆ, ಎಳೆಗಳನ್ನು ಕೂಡಿಸುವಾಗಲೂ ಬಲಕ್ಕೇ ತಿರುವಿದ್ದೆ. ಹಾಗಲ್ಲ. ಒಂದೊಂದು ಎಳೆಯನ್ನು ಬಲಕ್ಕೆ ಹುರಿ ಮಾಡಿದರೆ, ಕೂಡಿಸುವಾಗ ಎಡಕ್ಕೆ ತಿರುಗಿಸಬೇಕು. ಎಳೆ ಬಿಚ್ಚಲು ಹೋದಷ್ಟೂ ಹಗ್ಗ ಬಿಗಿಯಾಗುತ್ತದೆ. ಎರಡೂ ಒಂದನ್ನೊಂದು ತಡೆದು ನಿಲ್ಲುತ್ತವೆ. ಮೂರನೇ ಸಲಕ್ಕೆ ಒಂದು ಮೊಳ ಸರಿಯಾಗಿ ಬಂತು. ಅದನ್ನು ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಊರಿಂದ ಬಂದ ಮೇಲೆ ಹೊಕ್ಕುಳಬಳ್ಳಿಯ ಚಿತ್ರ ತೆಗೆದು ನೋಡಿದೆ. ಸಾಮಾನ್ಯವಾಗಿ ಒಳಗೆ ಮೂರು ರಕ್ತನಾಳ ಇರುತ್ತವೆ, ಎರಡು ಅಪಧಮನಿ, ಒಂದು ಅಭಿಧಮನಿ. ಅವೂ ಸುತ್ತಿಕೊಂಡೇ ಇರುತ್ತವೆ, ಹೆಚ್ಚುಕಡಿಮೆ ಮೂರೆಳೆ ಹಗ್ಗದ ಹಾಗೆ. ಉದ್ದ 50ರಿಂದ 60 ಸೆಂಟಿಮೀಟರ್. ಆದರೂ ನಮ್ಮವರು ಅದನ್ನು ಹಗ್ಗ ಅನ್ನಲಿಲ್ಲ, ಬಳ್ಳಿ ಅಂದರು. ಒಳಗೆ ರಸ ಹರಿಯುತ್ತದೆ, ಕಾಯಿ ಬಲಿಯುತ್ತದೆ, ಬಲಿತ ಮೇಲೆ ತೊಟ್ಟು ಕಳಚುತ್ತದೆ. ಇದಕ್ಕಿಂತ ಸರಿಯಾದ ಹೆಸರು ನನಗಂತೂ ಕಾಣಲಿಲ್ಲ. ಇಂಗ್ಲಿಷ್ ಪದದ ಬೇರು ಗ್ರೀಕಿನಲ್ಲಿದೆ. ಅಲ್ಲಿ ಅದರ ಅರ್ಥ ಕರುಳು. ಕರುಳಿನಿಂದ ವಾದ್ಯದ ತಂತಿ ಮಾಡುತ್ತಿದ್ದರು, ಆ ಹೆಸರು ತಂತಿಗೆ ಬಂತು, ಆಮೇಲೆ ಎಲ್ಲ ದಾರಕ್ಕೂ. ಅದನ್ನು ಓದಿದ ದಿನ ನಮ್ಮ ‘ಕರುಳಬಳ್ಳಿ’ ನೆನಪಾಗಿ ಸುಮ್ನೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಅವರು ಕರುಳಿನಿಂದ ದಾರಕ್ಕೆ ಬಂದರು. ನಾವು ರಕ್ತಸಂಬಂಧಕ್ಕೆ ಕರುಳಿನ ಬಳ್ಳಿ ಅಂದೆವು.

ಉಳಿದವು ಬೇಗ ಬಗೆಹರಿದವು. ಬೆನ್ನಿನದಕ್ಕೆ ‘ಬೆನ್ನುಹುರಿ’ ಮೊದಲೇ ಇದೆ, ಎಲ್ಲರಿಗೂ ಗೊತ್ತು. ಕರೆಂಟಿನದು ವಯರ್. ಗಂಟಲಿನದಕ್ಕೆ ‘ಧ್ವನಿತಂತು’ ಅಂತ ಪುಸ್ತಕದಲ್ಲಿದೆ, ಆದರೆ ಅದು ತಂತಿಯಲ್ಲ. ಎದುರುಬದುರಾಗಿರುವ ಎರಡು ಮಡಿಕೆ, ಉಸಿರು ಬಡಿದಾಗ ಅದುರುತ್ತವೆ. ಹಾಗಂತಲೇ ಒಂದು ಸಾಲು ಜಾಸ್ತಿ ಸೇರಿಸಿದೆ. ಮಗಳ ಗಣಿತದ ಪುಸ್ತಕದಲ್ಲಿ ವೃತ್ತದ ‘ಜ್ಯಾ’ ಸಿಕ್ಕಿತು, ಇಂಗ್ಲಿಷಿನಲ್ಲಿ ಅದೂ ಕಾರ್ಡೇ (chord), ಸ್ಪೆಲಿಂಗ್ ಮಾತ್ರ ಬೇರೆ. ಜ್ಯಾ ಅಂದರೆ ಬಿಲ್ಲಿನ ಹೆದೆ. ವೃತ್ತದ ತುಣುಕು ಬಿಲ್ಲು, ಅದಕ್ಕೆ ಎಳೆದ ಗೆರೆ ಹೆದೆ. ಹಾಗೆ ಹೇಳಿದ ಮೇಲೆ ಮಗಳು ಆ ಪದ ಮರೆತಿಲ್ಲ.

ಹಾಳೆಯನ್ನು ಮತ್ತೆ ಬರೆದೆ. ‘ಹೊಕ್ಕುಳಬಳ್ಳಿ ಒಣಗಿ ತಾನಾಗೇ ಉದುರಲಿ. ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಎಳೆಯಬೇಡಿ. ಡಾಕ್ಟರ್ ಹೇಳದೆ ಏನನ್ನೂ ಹಚ್ಚಬೇಡಿ. ಲಂಗೋಟಿಯನ್ನು ಹೊಕ್ಕುಳಿನ ಕೆಳಗೆ ಕಟ್ಟಿ. ಸುತ್ತ ಕೆಂಪಾದರೆ, ಕೀವು ಬಂದರೆ, ವಾಸನೆ ಬಂದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.’

ಅಚ್ಚಿಗೆ ಹೋಗುವ ಮುಂಚೆ ಅದೇ ಕಾರ್ಯಕರ್ತೆಗೆ ಓದಲು ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. “ಎಲ್ಲಾ ತಿಳೀತ್ರಿ. ನಮ್ಮ ಕಡೆ ಹೊಕ್ಕಳ ಅಂತೀವ್ರಿ” ಅಂದರು. ಪೆನ್ನು ತೆಗೆದು, ಅವರ ಎದುರಿಗೇ ಹಾಗೆ ತಿದ್ದಿದೆ.