ಮರವಂತೆಯ ಚಂದಕ್ಕೆ ಅಂಕ ಹಾಕುವಾಗ

ಕಡಲತೀರದ ಚಂದಕ್ಕೆ ಅಂಕ ಹಾಕೋಕೆ ಆಗುತ್ತಾ ಎಂದು ಜನ ಕೇಳುತ್ತಾರೆ. ಆಗುತ್ತದೆ. ನಾನು ಬಳಸುವುದು ಕಡಲತೀರ ಸಂಶೋಧಕರಾದ ಅಲನ್ ವಿಲಿಯಮ್ಸ್, ಎರ್ಗಿನ್ ಮತ್ತು ಜೊತೆಯವರು ರೂಪಿಸಿದ 26 ಅಂಶಗಳ ಪಟ್ಟಿ. ಮರಳಿನ ಬಣ್ಣ, ತೀರದ ಅಗಲ, ಬಂಡೆ, ನೀರಿನ ತಿಳಿ, ಗಿಡಮರ ಹೀಗೆ 18 ಪ್ರಕೃತಿಯವು. ಕಸ, ಗದ್ದಲ, ಚರಂಡಿ ನೀರು, ಕಟ್ಟಡ, ಕಂಬ ಹೀಗೆ 8 ನಮ್ಮವು. ಒಂದೊಂದಕ್ಕೂ 1ರಿಂದ 5 ಅಂಕ. ಯಾವ ಅಂಶ ಎಷ್ಟು ಮುಖ್ಯ ಎಂದು ಜನರನ್ನು ಕೇಳಿ ನಿಗದಿ ಮಾಡಿದ ತೂಕ ಸೇರಿಸಿ ಲೆಕ್ಕ ಹಾಕಿದರೆ ಕೊನೆಗೆ ಒಂದು ಸಂಖ್ಯೆ ಸಿಗುತ್ತದೆ. 0.85 ದಾಟಿದರೆ ಮೊದಲ ದರ್ಜೆ, ಸೊನ್ನೆಗಿಂತ ಕೆಳಗಿಳಿದರೆ ಐದನೆಯದು.

ಮರವಂತೆಯಲ್ಲಿ ಎಲ್ಲರೂ ಹೆದ್ದಾರಿ 66ರ ಮೇಲೆ ನಿಂತು ಫೋಟೋ ತೆಗೆಯುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಆಚೆ ಕೊಡಚಾದ್ರಿಯ ಸಾಲು. ನಾನು ನೀರಿನ ಅಂಚಿಗೆ ಇಳಿದು, ಬೆನ್ನು ಕಡಲಿಗೆ ಮಾಡಿ ನಿಲ್ಲುತ್ತೇನೆ. ಅಂಕ ಎಲ್ಲಿ ಸೋರಿ ಹೋಗುತ್ತಿದೆ ಎಂದು ಆಗಲೇ ಗೊತ್ತಾಗುವುದು. ತಡೆಗೋಡೆಯ ಕಲ್ಲುರಾಶಿ, ತಂತಿ, ಲಾರಿಗಳ ಹಾರ್ನ್, ತೀರದ ಪಕ್ಕದಲ್ಲೇ ನಿಂತ ವಾಹನ. ಬೆಟ್ಟ, ನದಿ ತಂದುಕೊಟ್ಟ ಅಂಕವನ್ನು ಇವು ತಿಂದುಹಾಕುತ್ತವೆ.

ಗೋಕರ್ಣದ ಓಂ ಬೀಚಿನಲ್ಲಿ ಹೆದ್ದಾರಿ ಇಲ್ಲ, ಗುಡ್ಡ ಅಡ್ಡ ಇದೆ. ಅಲ್ಲಿ ನನ್ನ ಕಣ್ಣು ಜಾಸ್ತಿ ಹುಡುಕುವುದು ಕಸ ಮತ್ತು ಹೊಸ ಕಟ್ಟಡಗಳನ್ನು.

ತೀರದ ನಿರ್ವಹಣೆ ಎಂದರೆ ನನಗೆ ಪಟ್ಟಿಯಲ್ಲಿ ನಮ್ಮವು ಎಂದ ಆ 8 ಸಾಲುಗಳೇ. ಬಂಡೆಯನ್ನಂತೂ ಎತ್ತರ ಮಾಡಲಾಗದು, ಅಲ್ವಾ? ಪಂಚಾಯಿತಿಯವರ ಮುಂದೆ ಎರಡು ಕಾಲಂ ಇಡುತ್ತೇನೆ: ಈಗಿನ ಅಂಕ, ಇಷ್ಟು ಸರಿಮಾಡಿದರೆ ಬರುವ ಅಂಕ. ಪಾರ್ಕಿಂಗ್ ತೀರದಿಂದ ಕಾಣದ ಹಾಗೆ ಹಿಂದಕ್ಕೆ. ತಂತಿ ನೆಲದಡಿಗೆ. ಕಸ ದಿನಾ ಎತ್ತುವುದು. ಕಡಿಮೆ ಖರ್ಚಿನದು ಮೊದಲು. ಮಳೆಗಾಲದ ಕೆಂಪು ನೀರು ನೋಡಿ ತೀರ್ಪು ಕೊಡಬಾರದು, ಮಳೆ ನಿಂತ ಮೇಲೆ ಇನ್ನೊಮ್ಮೆ ಹೋಗಲೇಬೇಕು.

ತಡೆಗೋಡೆ ಮಾತ್ರ ಕಷ್ಟದ ವಿಷಯ. ಪಟ್ಟಿಯಲ್ಲಿ ಅದು ಅಂಕ ಕಳೆಯುತ್ತದೆ. ಆದರೆ ಕಡಲ್ಕೊರೆತ ಇರುವಲ್ಲಿ ಅದರ ಹಿಂದೆ ರಸ್ತೆ ಇದೆ, ಜನರ ಮನೆ ಇದೆ. ಅದನ್ನು ತೆಗೆಯಿರಿ ಎಂದು ನಾನು ಯಾವತ್ತೂ ಬರೆಯುವುದಿಲ್ಲ. ಕೊರೆತವೇ ಇಲ್ಲದ ಮರಳಿಗೂ ಕಲ್ಲು ಸುರಿಯಲು ಹೊರಟರೆ ಮಾತ್ರ ಬೇಡ ಎಂದು ಬರೆಯುತ್ತೇನೆ, ಕಾರಣವನ್ನೂ ಅಂಕದ ಸಮೇತ ಕೊಡುತ್ತೇನೆ.