ಅಮೆರಿಕದ ಕಣದಲ್ಲಿ ಯಾರಿದ್ದಾರೆ, ಯಾರಿಲ್ಲ? ತಿಳಿಯುವುದು ಹೀಗೆ

2025ರ ಜನವರಿ 28ರಂದು ಮಿಷಿಗನ್ ರಾಜ್ಯದಿಂದ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಆರಿಸಿಬಂದಿದ್ದ ಗ್ಯಾರಿ ಪೀಟರ್ಸ್ ತಾವು ಮತ್ತೆ ನಿಲ್ಲುವುದಿಲ್ಲ ಎಂದರು. ಮತದಾನ ಇರುವುದು 2026ರ ನವೆಂಬರ್ 3ಕ್ಕೆ. ಅಂದರೆ 21 ತಿಂಗಳು ಮೊದಲೇ ಕಣದ ಲೆಕ್ಕಾಚಾರ ಶುರುವಾಯಿತು.

ನಮ್ಮಲ್ಲಾದರೆ ಪಕ್ಷದ ಪಟ್ಟಿ ಬರಬೇಕು, ಬಿ ಫಾರಂ ಕೈಗೆ ಸಿಗಬೇಕು. ಅಲ್ಲಿ ಟಿಕೆಟ್ ಹಂಚುವ ಹೈಕಮಾಂಡ್ ಇಲ್ಲ. ಪಕ್ಷದ ಅಭ್ಯರ್ಥಿ ಯಾರೆಂದು ‘ಪ್ರೈಮರಿ’ ಎಂಬ ಮೊದಲ ಸುತ್ತಿನ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಹಾಗಾಗಿ ‘ನಾನೂ ಇದ್ದೇನೆ’ ಅಂತ ಯಾರು ಬೇಕಾದರೂ ಹೇಳಬಹುದು. ಆ ಮಾತಿಗೆ ಎಷ್ಟು ತೂಕ ಇದೆ ಎಂದು ಅಳೆಯುವುದು ಓದುಗರ ಕೆಲಸ. ಅದು ಕಷ್ಟವೇನಲ್ಲ.

ಮೊದಲು ಕುರ್ಚಿ ನೋಡಿ. ಹಾಲಿ ಸದಸ್ಯರು ನಿಂತರೆ ಅವರ ಪಕ್ಷದಲ್ಲಿ ಎದುರಾಳಿಗಳು ಕಡಿಮೆ. ಅವರು ಬಿಟ್ಟರೆ ಸಾಲೇ ನಿಲ್ಲುತ್ತದೆ. ಪೀಟರ್ಸ್ ಬಿಟ್ಟ ಸೀಟಿಗೆ ಅವರದೇ ಡೆಮಾಕ್ರಟಿಕ್ ಪಕ್ಷದ ಮ್ಯಾಲರಿ ಮೆಕ್‌ಮಾರೊ, ಅಬ್ದುಲ್ ಎಲ್‌-ಸಯ್ಯದ್, ಹೇಲಿ ಸ್ಟೀವನ್ಸ್ ಮೂವರೂ ಏಪ್ರಿಲ್ ಒಂದೇ ತಿಂಗಳಲ್ಲಿ ಮುಂದೆ ಬಂದರು. ಸ್ಟೀವನ್ಸ್ ಆಗಲೇ ಕೆಳಮನೆಯ ಸದಸ್ಯೆ. ಅವರು ಸೆನೆಟ್ ಕಡೆ ಹೊರಟಿದ್ದರಿಂದ ಅವರ 11ನೇ ಕ್ಷೇತ್ರವೂ ತೆರವಾಯಿತು. ಒಬ್ಬರು ಎದ್ದರೆ ಹಿಂದಿನ ಸಾಲೆಲ್ಲ ಅಲ್ಲಾಡುತ್ತದೆ.

ಆಮೇಲೆ ಮಾತು ಕೇಳಿಸಿಕೊಳ್ಳಿ. ಮಾಜಿ ಸಾರಿಗೆ ಸಚಿವ ಪೀಟ್ ಬುಟಜೆಜ್ 2025ರ ಮಾರ್ಚ್‌ನಲ್ಲಿ ಮಿಷಿಗನ್‌ನ ಸೆನೆಟ್ ಸೀಟಿಗೂ ಇಲ್ಲ, ಗವರ್ನರ್ ಹುದ್ದೆಗೂ ಇಲ್ಲ ಎಂದರು. ಅದು ಪಕ್ಕಾ ನಿರಾಕರಣೆ. ‘ಸದ್ಯಕ್ಕೆ ಆ ಯೋಚನೆ ಇಲ್ಲ’ ಎಂದರೆ ಮಾತ್ರ ನಂಬಬೇಡಿ, ಬಾಗಿಲು ಇನ್ನೂ ಅರ್ಧ ತೆರೆದಿದೆ ಅಂತ ಅರ್ಥ. ‘ಯೋಚಿಸುತ್ತಿದ್ದೇನೆ’ ಎನ್ನುವವರಿಗೆ ಕಾನೂನೇ ಒಂದಿಷ್ಟು ಜಾಗ ಬಿಟ್ಟಿದೆ. ಅಭ್ಯರ್ಥಿ ಎನ್ನಿಸಿಕೊಳ್ಳದೆಯೇ ಅವರು ಸಮೀಕ್ಷೆ ಮಾಡಿಸಬಹುದು, ಊರೂರು ಸುತ್ತಬಹುದು.

ಮೂರನೆಯದು ಕಾಗದ. ಸಂಗ್ರಹಿಸಿದ ಹಣ ಅಥವಾ ಮಾಡಿದ ಖರ್ಚು 5,000 ಡಾಲರ್ ದಾಟಿದರೆ ಕಾನೂನಿನ ಪ್ರಕಾರ ಅವರು ಅಭ್ಯರ್ಥಿ. 15 ದಿನದೊಳಗೆ ಫೆಡರಲ್ ಚುನಾವಣಾ ಆಯೋಗಕ್ಕೆ ‘ಫಾರಂ 2’ ಕೊಡಬೇಕು. ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಯಾರಿಗಾದರೂ ಸಿಗುತ್ತದೆ, ಪುಕ್ಕಟೆ. ಹಣದ ಲೆಕ್ಕವೂ ಅಲ್ಲೇ ಇರುತ್ತದೆ. ಎಷ್ಟು ಬಂತು ಅನ್ನುವುದಕ್ಕಿಂತ ಕೈಯಲ್ಲಿ ಎಷ್ಟು ಉಳಿದಿದೆ ಎಂಬ ಸಾಲನ್ನು ನೋಡಿ. ಬರೀ ಘೋಷಣೆ ಮಾಡಿ ಸುಮ್ಮನಾದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ನಾಲ್ಕನೆಯದೇ ನಿಜವಾದ ಜರಡಿ. ಆಯೋಗಕ್ಕೆ ಫಾರಂ ಕೊಟ್ಟ ಮಾತ್ರಕ್ಕೆ ಮತಪತ್ರದಲ್ಲಿ ಹೆಸರು ಬರುವುದಿಲ್ಲ. ಅದು ರಾಜ್ಯದ ಕೆಲಸ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನಮ್ಮ ಲೋಕಸಭೆಗಾದರೆ 25,000 ರೂಪಾಯಿ ಠೇವಣಿ ಕಟ್ಟುತ್ತೇವೆ, ಅಲ್ವಾ? ಮಿಷಿಗನ್‌ನಲ್ಲಿ ಕೆಳಮನೆಗೆ ಪ್ರಮುಖ ಪಕ್ಷದಿಂದ ಸ್ಪರ್ಧಿಸಲು ಕನಿಷ್ಠ 1,000 ಮತದಾರರ ಸಹಿ ಬೇಕು, ಸೆನೆಟ್‌ಗೆ 15,000. ಹಾಳೆಯ ಒಂದೊಂದು ಸಾಲಿನಲ್ಲಿ ಸಹಿ, ಹೆಸರು, ವಿಳಾಸ, ತಾರೀಖು. ಕೊನೆಗೆ ಸಹಿ ಮಾಡಿಸಿದವರ ಸಹಿ. ಮತದಾರರ ಸಹಿ, ವಿಳಾಸ ಅಥವಾ ತಾರೀಖು ತಪ್ಪಿದರೆ ಆ ಸಾಲು ಹೋದಂತೆಯೇ.

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಪ್ರತಿನಿಧಿಸುವ, ಡೆಟ್ರಾಯಿಟ್ ಸೇರಿದ ಕೆಳಮನೆಯ 13ನೇ ಕ್ಷೇತ್ರದಲ್ಲೇ ಇದಕ್ಕೆ ಉದಾಹರಣೆ ಇದೆ. 2024ರಲ್ಲಿ ಅವರ ಎದುರು ಪ್ರೈಮರಿಗೆ ಇಳಿದ ಆಡಂ ಹೋಲಿಯರ್ ಸಾವಿರಕ್ಕಿಂತ ಜಾಸ್ತಿ ಸಹಿಗಳನ್ನೇ ಕೊಟ್ಟಿದ್ದರು. ಪರಿಶೀಲನೆಯಲ್ಲಿ ಸಿಂಧುವಾದವು 863 ಮಾತ್ರ. ತಿಂಗಳುಗಟ್ಟಲೆ ಪ್ರಚಾರ ಮಾಡಿದ ಮಾಜಿ ರಾಜ್ಯ ಸೆನೆಟರ್ ಅಲ್ಲಿಗೆ ಹೊರಗೆ ಬಿದ್ದರು. ಅದಕ್ಕೇ ನಾನು ಯಾವ ಘೋಷಣೆ ಓದಿದರೂ ಮೊದಲು ಆ ರಾಜ್ಯದ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳುತ್ತೇನೆ. 2026ಕ್ಕೆ ಮಿಷಿಗನ್‌ನಲ್ಲಿ ಅದು ಏಪ್ರಿಲ್ 21, ಪ್ರೈಮರಿ ಆಗಸ್ಟ್ 4.

ಕೊನೆಗೆ ವಾಪಸಾತಿ. ಮಿಷಿಗನ್ ಪ್ರೈಮರಿಗೆ ಅರ್ಜಿ ಕೊಟ್ಟವರು ಹಿಂದೆ ಸರಿಯಲು ಕೊನೆಯ ದಿನಾಂಕದ ನಂತರ ಸಿಗುವುದು ಮೂರೇ ದಿನ. ಅದು ದಾಟಿದರೆ ‘ನಾನಿಲ್ಲ’ ಎಂದರೂ ಹೆಸರು ಅಚ್ಚಾಗುತ್ತದೆ. ಅಧ್ಯಕ್ಷ ಚುನಾವಣೆಯಲ್ಲೂ ಹೀಗೆ ಆಗಿದೆ. ಮಿಷಿಗನ್‌ನಲ್ಲಿ ಸಣ್ಣ ಪಕ್ಷವೊಂದರ ಅಭ್ಯರ್ಥಿಯಾಗಿದ್ದ ರಾಬರ್ಟ್ ಕೆನಡಿ ಜೂನಿಯರ್ 2024ರ ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಕೊಟ್ಟರು. ಮಿಷಿಗನ್ ಸುಪ್ರೀಂ ಕೋರ್ಟ್ ಅವರ ಹೆಸರನ್ನು ತೆಗೆಯಲು ಬಿಡಲಿಲ್ಲ. ನವೆಂಬರ್‌ನಲ್ಲಿ ಆ ರಾಜ್ಯದ 26 ಸಾವಿರಕ್ಕೂ ಹೆಚ್ಚು ಜನ ಅವರಿಗೇ ಮತ ಹಾಕಿದರು.